ಹನ್ನೊಂದು ಸಲ ಮನಸೂರೆ

ಜನವರಿ 12, 2025, ಭಾನುವಾರ

ಯಕ್ಷಗಾನದ ಆಟ ನೋಡಿ ಬಂದು ಬೆಳಿಗ್ಗೆ ಏಳಕ್ಕೆ ಮಲಗಿದವನು ಎದ್ದಾಗ ಮಧ್ಯಾಹ್ನ. ತಲೆಯಲ್ಲಿ ಇನ್ನೂ ಚೆಂಡೆ. ಇಂಥ ತಲೆಯಿಂದ ಬರೆಯುವುದು ಬೇಡವೆಂದು ಹಳೆಯ ಪೇಪರ್ ಕಟಿಂಗ್‌ಗಳ ಫೈಲು ಬಿಚ್ಚಿದೆ. ಕಲೆ, ಸಂಸ್ಕೃತಿ ಅಂತ ಬರೆಯಲು ಶುರುಮಾಡಿ 18 ವರ್ಷವಾಯಿತು. ಮೊದಲ ವರ್ಷದ ಬರಹಗಳಲ್ಲೇ ‘ಪ್ರೇಕ್ಷಕರ ಮನಸೂರೆಗೊಂಡಿತು’ 11 ಸಲ ಸಿಕ್ಕಿತು. ‘ಮನೋಜ್ಞ ಅಭಿನಯ’ ಎಣಿಸುವ ಧೈರ್ಯವಾಗಲಿಲ್ಲ.

ಒಂದು ಕಟಿಂಗ್ ಮಾತ್ರ ಕೈಯಲ್ಲೇ ಉಳಿಯಿತು. ‘ಶ್ರೀಕೃಷ್ಣ ಸಂಧಾನ’ದ ತಾಳಮದ್ದಳೆ. ಕೌರವನ ಅರ್ಥಗಾರಿಕೆ ಮನಮುಟ್ಟುವಂತಿತ್ತು ಎಂದು ಬರೆದು ಕೈತೊಳೆದುಕೊಂಡಿದ್ದೇನೆ. ಕೌರವನ ಪಾತ್ರದವರು ಹೇಳಿದ್ದಾದರೂ ಏನು? ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರು ಪದ್ಯ ಹೇಳಿದ ಮೇಲೆ ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಪದ್ಯವೇನೋ ಪ್ರಸಂಗದ, ಅಂದರೆ ಆಟದ ಪದ್ಯರೂಪದ ಕಥೆಯ, ಪುಸ್ತಕದಲ್ಲಿ ಉಳಿಯುತ್ತದೆ, ಮಾತು ಆ ರಾತ್ರಿಗೇ ಮುಗಿಯಿತು. ಕೃಷ್ಣ ಎಸೆದ ಪ್ರಶ್ನೆಗೆ ಅಲ್ಲೇ ಹುಟ್ಟಿದ ಉತ್ತರ ಅದು. ಅಂದು ಎದುರಿನ ಸಾಲಿನಲ್ಲಿ ಪೆನ್ನು ಹಿಡಿದು ಕೂತವನು ನಾನೊಬ್ಬನೇ. ಬರೆದುಕೊಂಡದ್ದು ಅತಿಥಿಗಳ ಹೆಸರು! (ಅತಿಥಿಯ ಹೆಸರು ತಪ್ಪಿದರೆ ಮರುದಿನ ಫೋನ್ ಬರುತ್ತದೆ. ಕೌರವ ಫೋನ್ ಮಾಡುವುದಿಲ್ಲ.)

ಈಗ ಹಾಗಿಲ್ಲ ಅಂದುಕೊಂಡಿದ್ದೇನೆ. ಆಟ ಶುರುವಾಗುವ ಮೊದಲೇ ವೇಷ ಕಟ್ಟುವ ಚೌಕಿಗೆ ಹೋಗಿ ಮೂಲೆ ಹಿಡಿಯುತ್ತೇನೆ. ನಿನ್ನೆ ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಇಟ್ಟುಕೊಳ್ಳುತ್ತಿದ್ದರು, ಕನ್ನಡಿಯಿಂದ ಕಣ್ಣು ಕೀಳದೆ. ಗಂಟೆಗಟ್ಟಲೆಯ ಆ ಕೆಲಸಕ್ಕೆ ನನ್ನ 400 ಪದಗಳ ಅಂಕಣದಲ್ಲಿ ಎರಡು ಸಾಲು ಸಿಕ್ಕರೆ ಪುಣ್ಯ. ಜಾಹೀರಾತು ಬಂದರೆ ಮೊದಲು ಬೀಳುವುದೂ ಅದೇ ಅಂಕಣ. ‘ಆಟದ ಬಗ್ಗೆ ಅಷ್ಟೆಲ್ಲ ಬರೆಯಲು ಏನಿದೆ’ ಎಂದು ಯಾರಾದರೂ ಕೇಳಿದರೆ ನನಗೊಂದು ಚಪಲ: 1959ರಲ್ಲಿ ಶಿವರಾಮ ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ ಸ್ವಾಮೀ, ‘ಯಕ್ಷಗಾನ ಬಯಲಾಟ’ಕ್ಕೆ ಎಂದು ನೆನಪಿಸುವುದು.

ಇನ್ನೊಂದು ವಿಷಯ ಮನೆಯವರಿಗೂ ಹೇಳಿಲ್ಲ. ಪ್ರಸಂಗವೊಂದನ್ನು ಬರೆಯಲು ಹೊರಟಿದ್ದೇನೆ. ಇಷ್ಟು ವರ್ಷ ಇನ್ನೊಬ್ಬರ ಪದ್ಯದ ಗುಣದೋಷ ಹೇಳಿದವನಿಗೆ ಭಾಮಿನಿ ಷಟ್ಪದಿ ಬೆವರಿಳಿಸುತ್ತಿದೆ. ಮೂರು-ನಾಲ್ಕು, ಮೂರು-ನಾಲ್ಕು ಎಂದು ಗಣ ಎಣಿಸಬೇಕು, ಆರೂ ಸಾಲಿಗೆ ಎರಡನೆಯ ಅಕ್ಷರದ ಪ್ರಾಸ ಕೂರಿಸಬೇಕು, ಅಷ್ಟರಲ್ಲಿ ಕಥೆಯೂ ಮುಂದೆ ಹೋಗಬೇಕು. ಕುಮಾರವ್ಯಾಸ ಇದೇ ಛಂದಸ್ಸಿನಲ್ಲಿ ಹತ್ತು ಪರ್ವ ಬರೆದ. ನನ್ನದು ಮೂರು ವಾರಕ್ಕೆ ನಾಲ್ಕು ಪದ್ಯ.

ಸಂಜೆ ಧೈರ್ಯ ಮಾಡಿ ಪರಿಚಯದ ಭಾಗವತರೊಬ್ಬರಿಗೆ ಕಳುಹಿಸಿದೆ. ಫೋನಿನಲ್ಲೇ ಹಾಡತೊಡಗಿದರು. ಮೈ ಜುಂ ಎಂದಿತು. ಮೂರನೆಯ ಸಾಲಿಗೆ ಗಕ್ಕನೆ ನಿಂತರು.

“ಇಲ್ಲಿ ಉಸಿರು ಎಲ್ಲಿ ತೆಗೆಯುವುದು ಮಾರಾಯ್ರೇ?”

ಎಣಿಸಿದೆ. 23 ಮಾತ್ರೆ ಇರಬೇಕಾದಲ್ಲಿ 27 ಇದೆ. ಹೆಚ್ಚಾದ ನಾಲ್ಕೂ ಮಾತ್ರೆ ಒಂದೇ ಪದದವು: ಮನೋಜ್ಞ.