ಗ್ಲೂಕೋಸ್ ಬಾಟಲಿ ಏರಿಸುವ ಮೊದಲು

ತಂಗಿಯ ನಿಶ್ಚಿತಾರ್ಥದ ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಯಿತು. ನೀರು ಕುಡಿಯೋಣ ಅಂತ ಏಳಲು ಹೋದೆ. ಸೊಂಟದಿಂದ ಕೆಳಗೆ ಏನೂ ಏಳಲಿಲ್ಲ. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ. ಆದರೆ ಚಾಪೆಯ ತಣ್ಪು ಕಾಲಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಬೆರಳೂ ಸ್ವಲ್ಪ ಅಲ್ಲಾಡುತ್ತಿತ್ತು. ತೊಡೆಗೆ ಮಾತ್ರ ಸ್ವಾಧೀನವೇ ಇಲ್ಲ. ಕೂಗಿದೆ. ಅಮ್ಮ ಬಂದು ನನ್ನ ಮಂಡಿ ಮಡಚಿ ನಿಲ್ಲಿಸಿದರು. ಕೈ ಬಿಟ್ಟ ತಕ್ಷಣ ಕಾಲು ಪಕ್ಕಕ್ಕೆ ವಾಲಿ ಬಿತ್ತು.

ನನಗಾಗ 28 ವರ್ಷ. ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಹಿಂದಿನ ದಿನವಿಡೀ ಕುರ್ಚಿ ಹೊತ್ತಿದ್ದೆ, ಪಂಕ್ತಿಗೆ ಬಡಿಸಿದ್ದೆ. ರಾತ್ರಿ ಹತ್ತಕ್ಕೆ ಕೂತು ಐದು ಹೋಳಿಗೆ ತಿಂದು ಮಲಗಿದ್ದೆ. ಹಾಗಾಗಿ ಮನೆಯವರೆಲ್ಲರದ್ದೂ ಒಂದೇ ಮಾತು: 'ಸುಸ್ತಾಗಿದೆ, ಒಂದು ಬಾಟಲಿ ಏರಿಸಿದರೆ ಸರಿಹೋಗ್ತದೆ.' ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಏರಿಸಿದರು. ಅರ್ಧ ಬಾಟಲಿ ಮುಗಿಯುವಷ್ಟರಲ್ಲಿ ಕೈಯೂ ಸೋತಿತು. ಮೂಗಿನ ಮೇಲೆ ಕೂತ ನೊಣ ಓಡಿಸಲು ಆಗಲಿಲ್ಲ. ಅದನ್ನು ನೋಡಿ ಮಾವ 108ಕ್ಕೆ ಫೋನ್ ಮಾಡಿದರು.

ಹಾಸನದ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಮುಟ್ಟುವ ಮೊದಲೇ ಕೇಳಲು ಶುರು ಮಾಡಿದರು. ಯಾವಾಗಿನಿಂದ? ಒಂದೇ ಕಡೆಯಾ, ಎರಡೂ ಕಡೆಯಾ? ನಗಿ ನೋಡೋಣ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸ್ತೀರಿ? ಮೂತ್ರ ಹೋಗ್ತಿದೆಯಾ? ಈಚೆಗೆ ಜ್ವರ, ಭೇದಿ ಆಗಿತ್ತಾ? ನೆಲದ ಮೇಲೆ ಮಲಗಿದ್ರಾ?

ಕೊನೆಯ ಪ್ರಶ್ನೆ ಯಾಕೆ ಅಂತ ಆಗ ಅರ್ಥವಾಗಲಿಲ್ಲ. ಮರುದಿನ ಅವರನ್ನೇ ಕೇಳಿದೆ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವು, ಊತ ಎರಡೂ ಇಲ್ಲದೆ ಹೋಗಬಹುದಂತೆ. ಗಾಯವೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಆಗದಿರುವುದು, ಆಮೇಲೆ ಉಸಿರೇ ನಿಲ್ಲುವುದು. ಹೊಲದ ಮನೆಗಳಲ್ಲಿ ಚಾಪೆ ಹಾಸಿ ಮಲಗುವ ನಮ್ಮಂಥವರಿಗೆ ಇದು ಗೊತ್ತಿರಲೇಬೇಕು.

ಉಳಿದ ಪ್ರಶ್ನೆಗಳ ಹಿಂದೆಯೂ ಒಂದೊಂದು ಕಾಯಿಲೆ ಇತ್ತು. ಒಂದೇ ಕಡೆ ಕೈಕಾಲು ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಸ್ಟ್ರೋಕ್. ರಕ್ತ ಹೆಪ್ಪುಗಟ್ಟಿ ಆಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಆದ್ದರಿಂದ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಅನ್ನುವುದನ್ನು ಮನೆಯವರು ನೆನಪಿಟ್ಟು ಹೇಳಬೇಕು. ಜ್ವರವೋ ಭೇದಿಯೋ ಆಗಿ ಕೆಲವು ದಿನ, ವಾರದ ಮೇಲೆ ಪಾದ ಜುಮ್ಮೆಂದು, ಸೋಲು ದಿನೇ ದಿನೇ ಮೇಲೇರುತ್ತಾ ಬಂದರೆ ಗಿಯಾನ್-ಬಾರೆ ಅನ್ನುವ ನರಗಳ ಕಾಯಿಲೆ ಇರಬಹುದು. ಅದು ಎದೆಯ ಸ್ನಾಯುಗಳಿಗೆ ಬಂದರೆ ವೆಂಟಿಲೇಟರ್ ಬೇಕಾಗುತ್ತದೆ. ಎಣಿಸಿ ಅಂದದ್ದು ಉಸಿರಿನ ಶಕ್ತಿ ನೋಡಲಿಕ್ಕೆ. ಕಾಲು ಸೋತು ಮೂತ್ರವೂ ಕಟ್ಟಿದರೆ ಬೆನ್ನುಹುರಿ ಒತ್ತಿಕೊಂಡಿರುವ ಅನುಮಾನ. ಇವುಗಳಲ್ಲಿ ಯಾವುದಕ್ಕೂ 'ನಾಳೆ ನೋಡೋಣ' ಅನ್ನುವ ಹಾಗಿಲ್ಲ.

ನನ್ನದು ಇವ್ಯಾವುದೂ ಅಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ನಡುವೆ ಇರಬೇಕು. ನನ್ನದು 1.9 ಇತ್ತು. ಅಷ್ಟು ಇಳಿದರೆ ಕೈಕಾಲು ಸೋಲುವುದಷ್ಟೇ ಅಲ್ಲ, ಹೃದಯದ ಬಡಿತವೂ ಹದ ತಪ್ಪಬಹುದು ಅಂತ ಎದೆಗೆ ವೈರು ಅಂಟಿಸಿಟ್ಟರು. ಮೈಯಲ್ಲಿದ್ದ ಪೊಟ್ಯಾಸಿಯಂ ಎಲ್ಲೂ ಹೋಗಿರಲಿಲ್ಲ, ರಕ್ತ ಬಿಟ್ಟು ಸ್ನಾಯುವಿನೊಳಗೆ ಸೇರಿಕೊಂಡಿತ್ತು. ದಣಿದು ಮಲಗುವುದು, ಹೊಟ್ಟೆ ತುಂಬ ಸಿಹಿ ತಿನ್ನುವುದು, ಎರಡೂ ಅದನ್ನು ಒಳಗೆ ತಳ್ಳುತ್ತವೆ. ಗ್ಲೂಕೋಸ್ ಬಾಟಲಿಯೂ ಅದೇ ಕೆಲಸ ಮಾಡಿತ್ತು! ಬೇಗ ಶಕ್ತಿ ಬರಲಿ ಅಂತ ಏರಿಸಿದ್ದೇ ನನ್ನ ಕೈಯನ್ನೂ ಕಟ್ಟಿಹಾಕಿತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಮ್ಮ ಕಡೆ ಜನ ತಾವಾಗಿಯೇ ಬಾಟಲಿ ಏರಿಸಿ ಅಂತ ಕೇಳುತ್ತಾರೆ ಅಲ್ವಾ?

'ಒಂದೆರಡು ಎಳನೀರು ಕುಡಿಸಿದ್ದರೆ ಸಾಕಿತ್ತು' ಅಂದವರೂ ಇದ್ದಾರೆ. ತೆಂಗಿನ ಸೀಮೆಯವರು, ಹಾಗನ್ನುವುದು ಸಹಜ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ನಿಜ. ಆದರೆ ಕಿಡ್ನಿ ಕೆಟ್ಟವರಿಗೆ ಪೊಟ್ಯಾಸಿಯಂ ಜಾಸ್ತಿಯಾಗಿಯೂ ಕೈಕಾಲು ಸೋಲುತ್ತದೆ. ಅವರಿಗೆ ಎಳನೀರು ಕೊಟ್ಟರೆ ಜೀವಕ್ಕೇ ಕುತ್ತು. ರಕ್ತ ನೋಡದೆ ಯಾವುದು ಅಂತ ಗೊತ್ತಾಗುವುದಿಲ್ಲ. ನನಗೂ ಪೊಟ್ಯಾಸಿಯಂ ಅನ್ನು ಮತ್ತೆ ಮತ್ತೆ ರಕ್ತ ನೋಡುತ್ತಾ ನಿಧಾನವಾಗಿಯೇ ಕೊಟ್ಟರು. ಒಳಗೆ ಸೇರಿದ್ದು ಒಮ್ಮೆಲೇ ಹೊರಗೆ ಬಂದರೆ ಅದೂ ಅಪಾಯ.

ಸಂಜೆಗೆ ಗೋಡೆ ಹಿಡಿದು ನಿಂತೆ. ಮೂಲ ಕಾರಣ ಥೈರಾಯ್ಡ್. ಏಷ್ಯಾದ ಗಂಡಸರಲ್ಲಿ, ಅದೂ ಚಿಕ್ಕ ವಯಸ್ಸಿನವರಲ್ಲಿ, ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಹೀಗಾಗುವುದುಂಟು. ಕೆಲವು ತಿಂಗಳಿಂದ ತೂಕ ಇಳಿದಿತ್ತು, ಕೈ ನಡುಗುತ್ತಿತ್ತು, ಸುಮ್ನೆ ಕೂತರೂ ಬೆವರು. ಕೆಲಸದ ಒತ್ತಡ ಅಂತ ಬಿಟ್ಟಿದ್ದೆ. ಈಗ ಥೈರಾಯ್ಡ್ ಹತೋಟಿಯಲ್ಲಿದೆ, ಕಾಲು ಮತ್ತೆ ಸೋತಿಲ್ಲ.

ಅಮ್ಮ ಮಾತ್ರ ಹಬ್ಬದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಲ್ಲುತ್ತಾರೆ. 'ಮಂಡಿ ಮಡಚು, ನೋಡ್ತೀನಿ' ಅಂತಾರೆ. ಮಡಚಿ ತೋರಿಸಿದ ಮೇಲೆ ಒಳಗೆ ಬರುತ್ತಾರೆ.