ಸೌದೆ ಒಡೆಯುವ ಮೆಷಿನ್‌ಗೆ ಮೊದಲು ಮೇಜು, ಆಮೇಲೆ ನಾಲ್ಕು ಹೋಳಿನ ಬೆಣೆ

ಸೌದೆ ಒಡೆಯುವ ಹೈಡ್ರಾಲಿಕ್ ಮೆಷಿನ್ ಅಂಗಳಕ್ಕೆ ಬಂದ ಮರುದಿನವೇ ಎಲ್ಲರಿಗೂ ಬೇಕೆನಿಸುವುದು ಒಂದೇ ಏಟಿಗೆ ನಾಲ್ಕು ಹೋಳು ಮಾಡುವ ಬೆಣೆ. ಅದನ್ನು ಕೊನೆಗೆ ಮಾಡಿ. ಮೊದಲು ಬೇಕಾದ್ದು ಎರಡು ಬದಿಗೂ ಮೇಜು.

ಲೆಕ್ಕಕ್ಕೆ ಹೀಗೊಂದು ಮೆಷಿನ್ ಇಟ್ಟುಕೊಳ್ಳೋಣ: ತೋಟದ ಪಂಪಿನ ಮೂರು ಫೇಸ್ ಲೈನಿನಲ್ಲೇ ಓಡುವ 5 ಎಚ್‌ಪಿ ಮೋಟಾರು, 100 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರ್, ಅದರಿಂದ ಹೊರಬರುವ 50 ಮಿ.ಮೀ. ರಾಡ್, 150 ಬಾರ್‌ಗೆ ಕೂರಿಸಿದ ರಿಲೀಫ್ ವಾಲ್ವ್ (ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವಂಥದು). ಬೆಣೆ ಗರ್ಡರಿನ, ಅಂದರೆ ದಿಮ್ಮಿ ಮಲಗಿಸುವ ಕಬ್ಬಿಣದ ತೊಲೆಯ, ತುದಿಯಲ್ಲಿ ಗಟ್ಟಿಯಾಗಿ ನಿಂತಿದೆ, ದೂಡುವ ಪ್ಲೇಟು ಸಿಲಿಂಡರಿನ ಕಡೆಯಿಂದ ಬರುತ್ತದೆ. ದೂಡುವ ಬಲ ಸುಮಾರು 12 ಟನ್. ಪಂಪು ನಿಮಿಷಕ್ಕೆ 12 ಲೀಟರ್ ಎಣ್ಣೆ ಕೊಟ್ಟರೆ 50 ಸೆಂ.ಮೀ. ಮುಂದೆ ಹೋಗಲು 20 ಸೆಕೆಂಡು, ಹಿಂದೆ ಬರಲು 15 ಸೆಕೆಂಡು. ಹೊತ್ತು ಹಾಳಾಗುವುದು ಇಲ್ಲಲ್ಲ. ಒಡೆದ ಅರ್ಧ ದಿಮ್ಮಿ ನೆಲಕ್ಕೆ ಬೀಳುತ್ತದೆ, ಬಗ್ಗಿ ಎತ್ತಬೇಕು, ತಿರುಗಿಸಿ ಮತ್ತೆ ಇಡಬೇಕು. 45 ಸೆಂ.ಮೀ. ದಪ್ಪ, ಅಷ್ಟೇ ಉದ್ದದ ಹಸಿ ಹಲಸಿನ ತುಂಡು 65 ಕಿಲೋ ಆಸುಪಾಸು ತೂಗುತ್ತದೆ. ಅದರ ಅರ್ಧವನ್ನು ಇಪ್ಪತ್ತು ಸಲ ಎತ್ತಿದರೆ ಮೆಷಿನ್‌ಗಿಂತ ಮೊದಲು ಸೊಂಟ ಬಿಸಿಯಾಗುತ್ತದೆ.

ಮೇಜಿಗೆ 40×40×5 ಮಿ.ಮೀ. ಆಂಗಲ್ ಸಾಕು. ಒಂದೊಂದು ಬದಿ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ಮೇಲೆ ತಗಡು ಹೊದಿಸಬೇಡಿ. ಕೆತ್ತೆ, ಸಿಬರು ಅದರ ಮೇಲೇ ರಾಶಿ ಬಿದ್ದು ಪ್ರತಿ ಸಲ ಗುಡಿಸುವ ಕೆಲಸವಾಗುತ್ತದೆ. 12 ಮಿ.ಮೀ. ಸರಳುಗಳನ್ನು 40 ಮಿ.ಮೀ. ಸಂದು ಬಿಟ್ಟು ಬೆಸೆದರೆ ಕಸ ತಾನಾಗಿ ಕೆಳಗೆ ಹೋಗುತ್ತದೆ. ಮೇಜಿನ ಮಟ್ಟ ಗರ್ಡರಿನ ಮೇಲ್ಮೈಗಿಂತ 2 ಸೆಂ.ಮೀ. ಕೆಳಗಿರಲಿ, ಹೊರ ಅಂಚು ಸ್ವಲ್ಪ ಎತ್ತರವಿರಲಿ. ಆಗ ಹೋಳು ಆಚೆ ಜಾರದೆ ಒಳಗಡೆಗೇ ಒರಗುತ್ತದೆ. ದೂಡುವ ಪ್ಲೇಟಿಗೂ ಮೇಜಿಗೂ ನಡುವೆ 40 ಮಿ.ಮೀ. ಜಾಗ ಬಿಡಿ. ಒತ್ತಿಕೊಂಡು ಕೂರಿಸಿದರೆ ಚೆಕ್ಕೆ ಸಿಕ್ಕಿ ಆಂಗಲ್ ಬಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಸಂದು ಬೆರಳಿಗೆ ಕತ್ತರಿಯಾಗುತ್ತದೆ. ಗರ್ಡರಿಗೆ ಮೇಜನ್ನು ಬೆಸೆಯದೆ 12 ಮಿ.ಮೀ. ಬೋಲ್ಟಿನಲ್ಲಿ ಕೂರಿಸಿ, ಕೆಳಗೆ ಓರೆಯಾಗಿ ಒಂದು ಆಂಗಲ್ ಊರುಗೋಲು ಕೊಡಿ. ಪಿಕಪ್‌ನಲ್ಲಿ ಸಾಗಿಸುವಾಗ ಬಿಚ್ಚಬಹುದು.

ದೊಡ್ಡ ಬೊಡ್ಡೆಗಳನ್ನು ಏರಿಸಲು ಕ್ರೇನು, ವಿಂಚು ಎಂದು ಹಣ ಸುರಿಯುವ ಮೊದಲು ನಮ್ಮ ಜಾಗ ನೋಡಿ. ಗುಡ್ಡದ ಊರಿನಲ್ಲಿ 70–80 ಸೆಂ.ಮೀ. ಎತ್ತರದ ಧರೆ (ಕಡಿದ ಮಣ್ಣಿನ ದಿಬ್ಬ) ಎಲ್ಲಿಯೂ ಸಿಗುತ್ತದೆ. ಧರೆಯ ಬುಡದಲ್ಲಿ ಮೆಷಿನ್ ನಿಲ್ಲಿಸಿ, ಮೇಲಿನಿಂದ ಮೇಜಿಗೆ ಎರಡು ಬಲಿತ ಅಡಕೆ ಮರದ ತುಂಡು ಸೇತುವೆ ಹಾಕಿದರೆ ದಿಮ್ಮಿ ಉರುಳಿ ಬರುತ್ತದೆ. ಸೇತುವೆಯ ತುದಿಯಲ್ಲಿ ತಡೆಗೋಲು ಕಡ್ಡಾಯ. ಅದಿಲ್ಲದಿದ್ದರೆ ದಿಮ್ಮಿ ಮೇಜು ದಾಟಿ, ಮೆಷಿನ್ ಓಡಿಸುವ ವಾಲ್ವಿನ ಹಿಡಿಕೆ ಹಿಡಿದವನ ಹೊಟ್ಟೆಗೇ ಬರುತ್ತದೆ.

ಈಗ ಬೆಣೆಯ ಮಾತು. ನಾಲ್ಕು ಹೋಳಿನ ಬೆಣೆಯೆಂದರೆ ಇರುವ ನೇರ ಬೆಣೆಗೆ ಮೇಲಿನಿಂದ ತೊಡಿಸುವ ಒಂದು ಕವಚ, ಅದಕ್ಕೆ ಎರಡು ಬದಿ ಅಡ್ಡ ರೆಕ್ಕೆ. ಎರಡು ಸೀಳು ಒಟ್ಟಿಗೆ ಶುರುವಾದರೆ ಬಲವೂ ಹೆಚ್ಚುಕಡಿಮೆ ಇಮ್ಮಡಿ ಬೇಕಾಗುತ್ತದೆ, 12 ಟನ್ನಿಗೆ ಅದು ಭಾರ. ಹಾಗಾಗಿ ರೆಕ್ಕೆಯ ಅಂಚು ಮುಖ್ಯ ಬೆಣೆಯ ಅಂಚಿನಿಂದ 50 ಮಿ.ಮೀ. ಹಿಂದಿರಬೇಕು. ಮೊದಲ ಸೀಳು ಬಾಯಿಬಿಟ್ಟ ಮೇಲೆ ಎರಡನೆಯದು ಹಿಡಿಯುತ್ತದೆ. ರೆಕ್ಕೆಯ ಹೊರತುದಿಯನ್ನು ಇನ್ನೂ 20 ಮಿ.ಮೀ. ಹಿಂದಕ್ಕೆ ಓರೆ ಮಾಡಿದರೆ ಹೊಡೆತ ಇನ್ನಷ್ಟು ಮೆತ್ತಗಾಗುತ್ತದೆ.

ಅಳತೆ: ಬೆಣೆಯ ಪ್ಲೇಟು 25 ಮಿ.ಮೀ. ಇದ್ದರೆ ಕವಚದ ಒಳಸಂದು 28. ಇದಕ್ಕಿಂತ ಬಿಗಿ ಮಾಡಿದರೆ ರಬ್ಬರಿನ ಹಾಲು, ಗೇರಿನ ಅಂಟು ಕೂತು ಕವಚ ಮೇಲೇಳುವುದೇ ಇಲ್ಲ, ಸುತ್ತಿಗೆ ತರಬೇಕು. ಬದಿಯ ಪ್ಲೇಟು 12 ಮಿ.ಮೀ., ರೆಕ್ಕೆ 16 ಮಿ.ಮೀ., ಒಂದೊಂದು ರೆಕ್ಕೆ 110 ಮಿ.ಮೀ. ಹೊರಚಾಚಲಿ. ರೆಕ್ಕೆಯ ಅಂಚಿನ ಇಳಿಜಾರು ಮೇಲ್ಬದಿಗೆ ಮಾತ್ರ, ಕೆಳಬದಿ ಚಪ್ಪಟೆ. ಆಗ ಮೇಲಿನ ಹೋಳು ಇಳಿಜಾರಿನ ಮೇಲೆ ಹತ್ತುತ್ತಾ ಕವಚವನ್ನೇ ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಇಳಿಜಾರು ಕೆಳಬದಿಗೆ ಇಟ್ಟರೆ ಕೆಳಗಿನ ಹೋಳು ರೆಕ್ಕೆಗೂ ಗರ್ಡರಿಗೂ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ, ಕವಚ ಮೇಲಕ್ಕೆ ಹಾರಲು ನೋಡುತ್ತದೆ.

ಕವಚದ ಹಿಂದೆ ಗರ್ಡರಿಗೆ 50×25 ಮಿ.ಮೀ. ಫ್ಲಾಟಿನ (ಕಬ್ಬಿಣದ ಪಟ್ಟಿಯ) ಎರಡು ತಡೆಗಳನ್ನು ನಿಲ್ಲಿಸಿ ಬೆಸೆಯಿರಿ. ಹಿಂದಕ್ಕೆ ಬರುವ ಒತ್ತಡವೆಲ್ಲ ಅವುಗಳ ಮೇಲೆ ಬೀಳಬೇಕು. ಅಡ್ಡ ಹಾಕುವ 12 ಮಿ.ಮೀ. ಪಿನ್ನಿನ ಕೆಲಸ ಕವಚ ಏಳದಂತೆ ನೋಡುವುದಷ್ಟೇ. ಪಿನ್ನಿಗೇ ಒತ್ತಡ ಬಿಟ್ಟರೆ ಮೊದಲ ಗಂಟಿಗೆ ಅದು ಬಾಗುತ್ತದೆ, ಬಾಗಿದ ಪಿನ್ನನ್ನು ತೆಗೆಯುವುದು ಮೆಷಿನ್ ಮಾಡಿದ್ದಕ್ಕಿಂತ ದೊಡ್ಡ ಕೆಲಸ.

ಎತ್ತರದ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. 24 ಸೆಂ.ಮೀ. ದಪ್ಪದ ಕೊರಡಿನ ನಡು ಗರ್ಡರಿನಿಂದ 12 ಸೆಂ.ಮೀ. ಮೇಲೆ, 18 ಸೆಂ.ಮೀ. ಕೊರಡಿನದು 9. ಕವಚವನ್ನು ಅದರ ರೆಕ್ಕೆ 9 ಸೆಂ.ಮೀ.ಗೆ ಕೂರುವಂತೆ ಮಾಡಿ, 12 ಬೇಕಾದಾಗ ಬುಡಕ್ಕೆ ಲಾಳದ ಆಕಾರದ 30 ಮಿ.ಮೀ. ಪ್ಯಾಕಿಂಗ್ ತೂರಿಸಿ. ಆದರೆ ರೆಕ್ಕೆ ಸಿಲಿಂಡರಿನ ನಡುಗೆರೆಗಿಂತ ಮೇಲೆ ಹೋಗಬಾರದು. ಹೋದರೆ ಒತ್ತಡ ಮೇಲ್ತುದಿಗೆ ಬಿದ್ದು ದೂಡುವ ಪ್ಲೇಟು ಹಿಂದಕ್ಕೆ ವಾಲುತ್ತದೆ, ರಾಡು ಓರೆಯಾಗಿ ಎಳೆದಾಡುತ್ತದೆ, ಕೆಲವೇ ದಿನದಲ್ಲಿ ರಾಡಿನ ಸುತ್ತ ಎಣ್ಣೆ ತಡೆಯುವ ಸೀಲು ಸವೆದು ಎಣ್ಣೆ ತೊಟ್ಟಿಕ್ಕುತ್ತದೆ. ಸೀಲು ಬದಲಾಯಿಸಿ ಪ್ರಯೋಜನವಿಲ್ಲ, ರೆಕ್ಕೆ ತಗ್ಗಿಸಬೇಕು.

ಯಾವ ಮರಕ್ಕೆ? ರಬ್ಬರ್ ಕಡಿದಾಗ ದಪ್ಪ ಬೊಡ್ಡೆ ಪ್ಲೈವುಡ್ಡಿಗೆ ಹೋಗಿ ಉಳಿಯುವ ಕೊಂಬೆಗಳು, ನೇರ ಬೆಳೆದ ಅಕೇಶಿಯಾ: ಇವು ನಾಲ್ಕು ಹೋಳಿಗೆ ಹೇಳಿ ಮಾಡಿಸಿದಂಥವು. ಹಲಸು, ಗೇರು, ಗಂಟಿನ ಮಾವಿಗೆ ಕವಚ ತೆಗೆದಿಡಿ. ನಾರು ಒಂದರೊಳಗೊಂದು ಹೆಣೆದುಕೊಂಡ ಮರ ಸೀಳುವುದಿಲ್ಲ, ಹರಿಯುತ್ತದೆ; ರೆಕ್ಕೆಯ ಸಂದಿಗೆ ಸಿಕ್ಕಿ ನಿಂತರೆ ಹಿಂದಿನಿಂದ ಇನ್ನೊಂದು ನೇರ ಕೊರಡು ಇಟ್ಟು ದೂಡುವುದೊಂದೇ ದಾರಿ. ತೆಂಗಿನ ಬುಡವನ್ನಂತೂ ಯಾವ ಬೆಣೆಗೂ ಕೊಡಬೇಡಿ.

ಬೆಣೆಯೇ ಸಿಲಿಂಡರಿನ ತುದಿಯಲ್ಲಿ ಓಡಾಡುವ ಮೆಷಿನ್ ಆಗಿದ್ದರೆ ಈ ಕವಚ ಕೆಲಸಕ್ಕೆ ಬಾರದು. ಅದಕ್ಕೆ ಬೇಕಾದ್ದು ಕಿತ್ತುಕೊಡುವ ತಡೆ: ಬೆಣೆ ಹಿಂದೆ ಸರಿಯುವಾಗ ಕಚ್ಚಿಕೊಂಡ ಹಲಸಿನ ತುಂಡನ್ನು ಎರಡು ಬದಿಯಿಂದ ಹಿಡಿದು ನಿಲ್ಲಿಸುವ ಕಂಬಗಳು. ಹಿಂದೆ ಎಳೆಯುವ ಬಲವೂ 8–9 ಟನ್ ಇರುತ್ತದೆ. ಗುಜರಿಯಲ್ಲಿ ಸಿಕ್ಕಿದ ಆಂಗಲ್ ನಿಲ್ಲಿಸಿದರೆ ಅದು ಸೆಲ್ಯೂಟ್ ಹೊಡೆದು ಮಲಗುತ್ತದೆ. 20 ಮಿ.ಮೀ. ಪ್ಲೇಟು, ಬೆನ್ನಿಗೆ 12 ಮಿ.ಮೀ. ತ್ರಿಕೋನದ ಆಸರೆ ಬೇಕು, ಎರಡೂ ಒಂದೇ ಸಾಲಿನಲ್ಲಿರಬೇಕು.

ಗಿಡ್ಡ ತುಂಡಿಗೆ ರಾಡು ಪೂರ್ತಿ ಹಿಂದೆ ಬರುವುದು ದಂಡ ಎಂದು ರಾಡಿಗೆ ಪೈಪಿನ ಕಾಲರ್ ಹಾಕುವವರಿದ್ದಾರೆ. ಒತ್ತಡವೆಲ್ಲ ಸಿಲಿಂಡರಿನ ಮುಚ್ಚಳದ ಮೇಲೆ ಬೀಳುತ್ತದೆ, ರಾಡಿನ ಕ್ರೋಮ್ ಲೇಪಕ್ಕೆ ಗೀರು ಬೀಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ದೂಡುವ ಪ್ಲೇಟಿಗೆ ಹೊಂದಿಕೊಂಡು ಓಡುವ 10 ಮಿ.ಮೀ. ಸರಳು, ಅದರ ಮೇಲೆ ಸ್ಕ್ರೂ ಬಿಗಿಯುವ ಒಂದು ಬುಶ್, ಬುಶ್ ಬಂದು ವಾಲ್ವಿನ ಹಿಡಿಕೆಯನ್ನು ನಡುಸ್ಥಾನಕ್ಕೆ ತಟ್ಟಬೇಕು, ಅಷ್ಟೇ. ಇದು ಹಿಂದೆ ಬರುವಾಗ ಮಾತ್ರ. ಮುಂದೆ ಹೋಗುವಾಗ ಹಿಡಿಕೆ ಬಿಟ್ಟ ಕೂಡಲೇ ನಿಲ್ಲುವ ವ್ಯವಸ್ಥೆಯನ್ನು ಯಾವ ಕಾರಣಕ್ಕೂ ಕೆಡಿಸಬೇಡಿ.

ವೆಲ್ಡಿಂಗ್ ಬಗ್ಗೆ. ಲಾರಿಯ ಲೀಫ್ ಪ್ಲೇಟು ಗಟ್ಟಿಯೆಂದು ಅದರಿಂದ ರೆಕ್ಕೆ ಮಾಡಬೇಡಿ. ಕಾರ್ಬನ್ ಹೆಚ್ಚಿರುವ ಉಕ್ಕು, ಮೊದಲೇ ಬಿಸಿ ಮಾಡದೆ ಬೆಸೆದರೆ ಬೆಸುಗೆಯ ಪಕ್ಕದಲ್ಲಿ ಗಾಜಿನಂತೆ ಬಿರಿಯುತ್ತದೆ. ಬೆಣೆ ಸೀಳುತ್ತದೆಯೇ ಹೊರತು ಕೊಯ್ಯುವುದಿಲ್ಲ, ಮೈಲ್ಡ್ ಸ್ಟೀಲ್ ಧಾರಾಳ. 7018 ವೆಲ್ಡಿಂಗ್ ರಾಡು ಬಳಸಿ, ಆದರೆ ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟಿನದು ಬೇಡ. ತೇವ ಕುಡಿದ ರಾಡು ಒಳಗೊಳಗೇ ಬಿರುಕು ಬಿಡಿಸುತ್ತದೆ. ಅರ್ತ್ ಕ್ಲಾಂಪನ್ನು ಬೆಸೆಯುವ ತುಂಡಿನ ಪಕ್ಕದಲ್ಲೇ ಹಾಕಿ. ಮೋಟಾರಿನ ಬದಿಗೆ ಹಾಕಿದರೆ ಕರೆಂಟು ಸಿಲಿಂಡರಿನ ಮೂಲಕ ಹರಿದು ಅದರ ರಾಡಿನ ಮೈ ಸುಡುತ್ತದೆ. ಸಿಲಿಂಡರಿನ ರಾಡನ್ನು ಪೂರ್ತಿ ಒಳಗೆಳೆದು, ಹೊರಗುಳಿದ ಭಾಗಕ್ಕೆ ಒದ್ದೆ ಗೋಣಿ ಸುತ್ತಿ. ಒಂದು ಕಿಡಿ ಅಂಟಿದರೂ ಸೀಲು ಹರಿಯಲು ಸಾಕು.

ಮೊದಲ ಒಂದು ಪಿಕಪ್ ಸೌದೆ ಒಡೆದ ಮೇಲೆ ಕವಚ ಬಿಚ್ಚಿ, ಬೆಸುಗೆಗಳಿಗೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ ಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಬಿಳಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಮೂಡಿದರೆ ಅದರ ಮೇಲೇ ಇನ್ನೊಂದು ಪದರ ಎಳೆಯಬೇಡಿ. ಬುಡದವರೆಗೆ ಗ್ರೈಂಡ್ ಮಾಡಿ ತೆಗೆದು ಹೊಸತಾಗಿ ತುಂಬಿ.