ಆ ಬೆಂಚು ಯಾರದ್ದು?

ಪೆಂತೆಕೊಸ್ತ್ ಹಬ್ಬದ ಭಾನುವಾರ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಓದುವ ಭಾಗ ಪ್ರತಿ ವರ್ಷವೂ ಒಂದೇ, ಬೈಬಲಿನ ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ. ಈಸ್ಟರಿನಿಂದ ಎಣಿಸಿದರೆ ಅದು 50ನೇ ದಿನ. ಗಾಳಿಯ ಸದ್ದು, ಬೆಂಕಿಯ ನಾಲಗೆಗಳು, ಪವಿತ್ರಾತ್ಮನ ವರ. ಪ್ರಸಂಗ ಮಾಡುವವರು ಹೆಚ್ಚಾಗಿ ಅಲ್ಲೇ ನಿಲ್ಲುತ್ತಾರೆ. ನನಗೆ ಮಾತ್ರ ಮುಂದಿನ ಸಾಲುಗಳು ಜಾಸ್ತಿ ಇಷ್ಟ. ಪಾರ್ಥಿಯದವರು, ಮೇದ್ಯರು, ಐಗುಪ್ತದವರು, ಕ್ರೇತದವರು, ಅರಬರು, ರೋಮಿನಿಂದ ಬಂದವರು. ಓದುವವರ ನಾಲಗೆ ತಡವರಿಸುವಷ್ಟು ಹೆಸರುಗಳು! ಸಭೆ ಹುಟ್ಟಿದ ದಿನ ಅಲ್ಲಿ ನಿಂತು ಕೇಳುತ್ತಿದ್ದವರು ಹೀಗೆ ಎಲ್ಲೆಲ್ಲಿಂದಲೋ ಬಂದವರು. ಯೇಸುವಿನ ಶಿಷ್ಯರು ಅವರವರ ಭಾಷೆಗಳಲ್ಲೇ ಮಾತಾಡುವುದನ್ನು ಕೇಳಿ, ಇವರೆಲ್ಲ ಕುಡಿದಿದ್ದಾರೆ ಅಂತ ಕೆಲವರು ಗೇಲಿ ಮಾಡಿದರು. ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ ಕಣ್ರಪ್ಪಾ ಅಂತ ಆ ಶಿಷ್ಯರಲ್ಲೊಬ್ಬನಾದ ಪೇತ್ರ ಎದ್ದು ನಿಂತು ಹೇಳಬೇಕಾಯಿತು. ಅಂದೇ ಸುಮಾರು 3,000 ಮಂದಿ ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದರು.

ಮೊದಲು ಕಟ್ಟಡ ಕಟ್ಟಿ, ಬೆಂಚು ಹಾಕಿ, ಆಮೇಲೆ ಹೊಸಬರನ್ನು ಕರೆದದ್ದಲ್ಲ. ಹೊಸಬರು ಸೇರಿಯೇ ಸಭೆ ಆಯಿತು. ಅಪೊಸ್ತಲನಾದ ಪೌಲ ರೋಮಿಗೆ ಪತ್ರ ಬರೆಯುವ ಹೊತ್ತಿಗೆ ಅಲ್ಲಿ ಆಗಲೇ ವಿಶ್ವಾಸಿಗಳಿದ್ದರು. ಅವನು ಇನ್ನೂ ಆ ಊರಿಗೆ ಕಾಲೇ ಇಟ್ಟಿರಲಿಲ್ಲ. ಪ್ರಿಸ್ಕಿಲ್ಲ, ಅಕ್ವಿಲ ಎಂಬ ಗಂಡ ಹೆಂಡತಿಯ ಮನೆಯಲ್ಲಿ ಕೂಡುತ್ತಿದ್ದ ಸಭೆಗೂ ವಂದನೆ ಹೇಳಿ ಅಂತ ಪತ್ರದ ಕೊನೆಯಲ್ಲಿ ಬರೆಯುತ್ತಾನೆ. ಒಂದು ಮನೆಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಹೇಳಿ! ಹಾಗೆ ನೋಡಿದರೆ ನಮ್ಮಂಥ ಪುಟ್ಟ ಸಭೆಗಳು ಸಂಕೋಚ ಪಡಬೇಕಾದ್ದೇನೂ ಇಲ್ಲ.

ಆದರೆ ಪುಟ್ಟ ಸಭೆಗೆ ಅದರದ್ದೇ ಆದ ಒಂದು ಪರೀಕ್ಷೆ ಇದೆ. ದೊಡ್ಡ ಚರ್ಚಿನಲ್ಲಿ ಹೊಸಬರು ಗುಂಪಿನಲ್ಲಿ ಸೇರಿಹೋಗುತ್ತಾರೆ. ನಮ್ಮಲ್ಲಿ ಬಾಗಿಲು ಕಿರ್ರೆಂದರೆ ಸಾಕು, ಎಲ್ಲರ ತಲೆಯೂ ತಿರುಗುತ್ತದೆ. ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ಕಿಟಕಿ ಪಕ್ಕದ್ದು ಇಂಥವರದ್ದು, ಕಂಬದ ಹತ್ತಿರದ್ದು ಅಂಥವರದ್ದು. ಹೊಸಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಬಂದು ಆರಾಮಾಗಿ ಕಿಟಕಿ ಪಕ್ಕವೇ ಕೂತುಬಿಡುತ್ತಾರೆ. ಆಗ ಆ ಮನೆಯವರ ಮುಖ ನೋಡಬೇಕು.

ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ, ಅಂದರೆ ಅವನು ಬರೆದ ಪತ್ರದ, 2ನೇ ಅಧ್ಯಾಯ ಇದೇ ವಿಷಯವನ್ನು ಹಿಡಿಯುತ್ತದೆ. ಚಿನ್ನದ ಉಂಗುರ ಹಾಕಿದವನು ಬಂದಾಗ ಒಳ್ಳೆ ಜಾಗ ತೋರಿಸಿ, ಕೊಳಕು ಬಟ್ಟೆಯ ಬಡವ ಬಂದಾಗ ಅಲ್ಲಿ ನಿಂತಿರು, ಇಲ್ಲ ನನ್ನ ಕಾಲ ಬಳಿ ಕೂತ್ಕೋ ಅಂದರೆ ನೀವು ಕೆಟ್ಟ ನ್ಯಾಯಾಧಿಪತಿಗಳಾದ ಹಾಗೆ ಅನ್ನುತ್ತಾನೆ. ದೊಡ್ಡ ತತ್ವ ಹೇಳಬೇಕಾದ ಕಡೆ ಅವನು ಕೂರುವ ಜಾಗದ ಬಗ್ಗೆ ಮಾತಾಡುತ್ತಾನೆ. ಏಕೆಂದರೆ ತತ್ವ ಗೊತ್ತಾಗುವುದೇ ಅಲ್ಲಿ.

ನಾವು ನಂಬುವುದನ್ನು ಚಿಕ್ಕದಾಗಿ ಹೇಳುವುದಾದರೆ, ದೇವರ ಮುಂದೆ ಯಾರಿಗೂ ಸಂಪಾದಿಸಿದ ಜಾಗ ಇಲ್ಲ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ನಾವು ಮಾಡಿದ ಪುಣ್ಯದ ಲೆಕ್ಕದಿಂದ ಅಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಅದು ಸ್ಪಷ್ಟವಾಗಿದೆ. 1517ರ ಅಕ್ಟೋಬರ್ 31ರಂದು ಪ್ರೊಟೆಸ್ಟೆಂಟ್ ಸಭೆಗಳ ಹುಟ್ಟಿಗೆ ಕಾರಣನಾದ ಜರ್ಮನಿಯ ಮಾರ್ಟಿನ್ ಲೂಥರ್ 95 ವಾದಗಳನ್ನು ಮುಂದಿಟ್ಟಾಗ ಎದ್ದ ಜಗಳವೂ ಇದರ ಸುತ್ತಲಿನದ್ದೇ. ಪಾಪದ ದಂಡನೆ ಕಡಿಮೆಯಾಗುತ್ತದೆ ಅಂತ ದುಡ್ಡಿಗೆ ಪತ್ರ ಮಾರುತ್ತಿದ್ದ ಕಾಲ ಅದು.

ಅಷ್ಟೆಲ್ಲ ಹೋರಾಡಿದವರ ಮಕ್ಕಳು ಮುಂದೆ ಮಾಡಿದ್ದೇನು ಗೊತ್ತಾ? 18, 19ನೇ ಶತಮಾನಗಳಲ್ಲಿ ಇಂಗ್ಲೆಂಡ್, ಅಮೆರಿಕದ ಎಷ್ಟೋ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಬೆಂಚಿಗೆ ಬಾಡಿಗೆ ವಸೂಲಿ ಮಾಡಿದರು. ಕೊಟ್ಟವರಿಗೆ ಒಳ್ಳೆ ಜಾಗ, ಕೊಡಲಾಗದವರಿಗೆ ಹಿಂದೆಯೋ ಮೂಲೆಯಲ್ಲೋ ಪುಕ್ಕಟೆ ಜಾಗ. ಅದೇ 18ನೇ ಶತಮಾನದ ಕೊನೆಯ ಹೊತ್ತಿಗೆ ಫಿಲಡೆಲ್ಫಿಯಾದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕಪ್ಪು ಜನಾಂಗದ ಅಬ್ಸಲೋಮ್ ಜೋನ್ಸ್ ಅವರನ್ನು, ಇದು ನಿಮ್ಮ ಜಾಗ ಅಲ್ಲ ಅಂತ ಹಿಡಿದೆಬ್ಬಿಸಲು ಹೋದರು. ಪ್ರಾರ್ಥನೆ ಮುಗಿಯುವವರೆಗೂ ಕಾಯಲಿಲ್ಲ. ಜೋನ್ಸ್, ಅವರ ಗೆಳೆಯ ರಿಚರ್ಡ್ ಅಲೆನ್ ಮತ್ತು ಜೊತೆಗಿದ್ದವರು ಒಟ್ಟಿಗೆ ಎದ್ದು ಹೊರಟುಬಿಟ್ಟರು. ಅಲೆನ್ ಮುಂದಾಳತ್ವದಲ್ಲಿ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ಹುಟ್ಟಿತು. ಕೃಪೆಯ ಬಗ್ಗೆ ಹಾಡಿ, ಪ್ರಸಂಗ ಕೇಳಿ, ಅದೇ ಕೈಯಲ್ಲಿ ಒಬ್ಬರನ್ನು ಎಬ್ಬಿಸಬಹುದು ಅನ್ನೋದು ನನ್ನನ್ನು ಯಾವಾಗಲೂ ಹೆದರಿಸುತ್ತದೆ.

ಹೊಸಬರನ್ನು ಬರಮಾಡಿಕೊಳ್ಳುವುದು ಅಂದರೆ ಏನು ಮಹಾ ಕೆಲಸ? ನಮ್ಮಲ್ಲಿ ಒಬ್ಬ ಹಿರಿಯ ತಾಯಿ ಮಾಡುವುದನ್ನು ನೋಡಿ ನಾನು ಕಲಿತದ್ದೇ ಹೆಚ್ಚು. ಹಾಡಿನ ನಂಬರು ಹೇಳುತ್ತಿದ್ದ ಹಾಗೆ ಪುಟ ತೆರೆದು, ಮಾತಿಲ್ಲದೆ, ಪುಸ್ತಕವನ್ನು ಪಕ್ಕದವರ ಕಡೆಗೆ ಸರಿಸುತ್ತಾರೆ. ಯಾವ ಚರಣ ನಡೀತಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ. ಅವರಿಗೆ ಹಾಡು ಬಾಯಿಪಾಠ. ಪುಸ್ತಕ ತರುವುದೇ ಪಕ್ಕದವರಿಗೋಸ್ಕರ ಅನ್ನಿಸುತ್ತದೆ. ಎಲ್ಲರೂ ಸೇರಿ ಹಾಡುವುದು ನಮ್ಮ ಆರಾಧನೆಯ ಬೆನ್ನೆಲುಬು. ಲೂಥರನ್ ಸಭೆಗಳ ಮೊದಲ ಹಾಡಿನ ಪುಸ್ತಕ ಬಂದದ್ದು 1524ರಲ್ಲಿ, ಅದರಲ್ಲಿ ಇದ್ದದ್ದು ಎಂಟೇ ಹಾಡು. ಅಷ್ಟು ಸಾಕಾಯಿತು, ಜನ ಬಾಯಿ ತೆರೆದರು.

ಉಳಿದದ್ದು ಸುಲಭ. ಕಾಣಿಕೆ ಚೀಲ ಬಂದರೆ ಹೊಸಬರು ಸುಮ್ನೆ ಮುಂದೆ ದಾಟಿಸಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪ್ರಸಂಗ ಉದ್ದವಾಗಿ ತೂಕಡಿಕೆ ಬಂದರೂ ಗಾಬರಿ ಬೇಡ. ಪೌಲನ ಪ್ರಸಂಗ ನಡುರಾತ್ರಿಯವರೆಗೆ ಹೋದಾಗ ಯೂತಿಕ ಎಂಬ ಹುಡುಗ ನಿದ್ದೆಗಣ್ಣಲ್ಲಿ ಮೂರನೇ ಅಂತಸ್ತಿನ ಕಿಟಕಿಯಿಂದಲೇ ಬಿದ್ದಿದ್ದ. ಪುಣ್ಯಕ್ಕೆ ಬದುಕಿದ.

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಮಾತ್ರ ಸ್ವಲ್ಪ ಕಷ್ಟ. ಈ ಮೇಜಿನ ವಿಷಯದಲ್ಲಿ ಪ್ರೊಟೆಸ್ಟೆಂಟರು ಮೊದಲಿನಿಂದಲೂ ಜಗಳಗಂಟರು. 1529ರಲ್ಲಿ ಮಾರ್ಬರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಸುಧಾರಕ ಸ್ವಿಂಗ್ಲಿ 15 ವಿಷಯಗಳಲ್ಲಿ 14ನ್ನು ಒಪ್ಪಿಕೊಂಡರು. ರೊಟ್ಟಿಯಲ್ಲಿ ಕ್ರಿಸ್ತ ಹೇಗಿದ್ದಾನೆ ಎಂಬಲ್ಲಿ ಬೇರೆಯಾದರು. ಇವತ್ತಿಗೂ ಕೆಲವು ಸಭೆಗಳು ದೀಕ್ಷಾಸ್ನಾನ ಆದವರೆಲ್ಲರಿಗೂ ಕೊಡುತ್ತವೆ, ಕೆಲವು ತಮ್ಮ ಸದಸ್ಯರಿಗೆ ಮಾತ್ರ. ಯಾವುದೇ ಪದ್ಧತಿ ಇರಲಿ, ಮೊದಲೇ ಬಾಯಿಬಿಟ್ಟು ಹೇಳಿಬಿಡಬೇಕು ಅನ್ನೋದು ನನ್ನ ಹಟ. ತಟ್ಟೆ ಮುಂದೆ ಬಂದ ಮೇಲೆ ಕೈ ಚಾಚಬೇಕೋ ಬೇಡವೋ ಅಂತ ಒಬ್ಬರು ಒದ್ದಾಡುವ ಹಾಗೆ ಆಗಬಾರದು. ತೆಗೆದುಕೊಳ್ಳದವರಿಗಾಗಿ ನಮ್ಮ ಪಾಸ್ಟರ್ ತಪ್ಪದೆ ಪ್ರಾರ್ಥಿಸುತ್ತಾರೆ. ಅದು ಸಮಾಧಾನದ ಬಹುಮಾನ ಅಲ್ಲ, ನಿಜವಾದ ಆಶೀರ್ವಾದ ಅಂತಲೇ ನಂಬಿದ್ದೇನೆ.

ಇನ್ನು ಆರಾಧನೆ ಮುಗಿದ ಮೇಲೆ ಮುತ್ತಿಕೊಳ್ಳುವ ಚಾಳಿ ಒಂದಿದೆ. ಒಬ್ಬರು ಹೆಸರು ಕೇಳಿದರೆ ಸಾಕು, ಆರು ಜನ ಕೆಲಸ, ಮದುವೆ, ಮಕ್ಕಳು, ಫೋನ್ ನಂಬರು ಅಂತ ಹಿಂದೆ ಬೀಳುವುದು ಬೇಡ. ಸುಮ್ಮನೆ ಒಂದು ಗಂಟೆ ಕೂತು ಹೋಗಲು ಬಂದವರಿರುತ್ತಾರೆ. ಮನೆಯಲ್ಲಿ ಸಾವಾಗಿ ಬಂದವರಿರುತ್ತಾರೆ. ದೇವರಿದ್ದಾನೋ ಇಲ್ಲವೋ ಅಂತ ತೀರ್ಮಾನವಾಗದೆ ಬಂದವರೂ ಉಂಟು. ಅಂಥವರಿಗೆ ನಮ್ಮ ನಗುವಿಗಿಂತ ನಮ್ಮ ಸುಮ್ಮನಿರುವಿಕೆ ಹೆಚ್ಚು ಬೇಕಾಗಿರಬಹುದು. ಮುಂದಿನ ವಾರ ಅವರು ಬರದಿದ್ದರೆ ಲೆಕ್ಕ ತಪ್ಪಿತು ಅಂತ ಕೊರಗುವುದೂ ಬೇಡ. ಅವರಿಗಾಗಿ ಪ್ರಾರ್ಥಿಸಲು ಅವರ ಹೆಸರು ನಮಗೆ ಗೊತ್ತಿರಬೇಕು ಅಂತೇನೂ ಇಲ್ಲ.